ಎರಡು ಔನ್ಸುಗಳ ನಡುವೆ ತಪ್ಪಿದ ಲೆಕ್ಕ

ಕ್ಯಾಲಿಫೋರ್ನಿಯಾದ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಫ್ರೋಜನ್ ಯೋಗರ್ಟ್, ಅಂದರೆ ಐಸ್‌ಕ್ರೀಮಿನಂತೆ ಹೆಪ್ಪುಗಟ್ಟಿಸಿದ ಸಿಹಿ ಮೊಸರಿನ, ಅಂಗಡಿಯಿದೆ. ಗೋಡೆಯುದ್ದಕ್ಕೂ ನಿಂತ ಯಂತ್ರಗಳ ಹಿಡಿಕೆಯನ್ನು ನಾವೇ ಎಳೆದು ಕಪ್ಪಿಗೆ ಬೇಕಾದಷ್ಟು ಇಳಿಸಿಕೊಂಡು, ಮೇಲೆ ಹಣ್ಣು, ಬೀಜ, ಚಾಕೊಲೇಟು ಹಾಕಿಕೊಂಡು, ಕೊನೆಗೆ ಗಲ್ಲಾದ ಬಳಿಯ ತಕ್ಕಡಿಯ ಮೇಲಿಟ್ಟರೆ ಔನ್ಸಿಗೆ ಇಷ್ಟು ಸೆಂಟ್ ಎಂಬಂತೆ ಹಣ ಕಟ್ಟಬೇಕು. ತೂಕ ಇಳಿಸಬೇಕೆಂದು ವೈದ್ಯರು ಹೇಳಿದಂದಿನಿಂದ ತಿಂದದ್ದನ್ನೆಲ್ಲ ಬರೆದಿಡುತ್ತಿರುವ ನಾನು, ಈ ಅಂಗಡಿಯ ಲೆಕ್ಕವನ್ನು ಆರು ತಿಂಗಳ ಕಾಲ ತಪ್ಪಾಗಿಯೇ ಬರೆದಿದ್ದೆ.

ಯಂತ್ರದ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ವೆನಿಲಾದ ಒಂದು ಪಾಲು ಎಂದರೆ 4 ಔನ್ಸ್, ಅದರಲ್ಲಿ 115 ಕ್ಯಾಲೊರಿ ಎಂದಿತ್ತು. ರಸೀದಿಯಲ್ಲಿ 8 ಔನ್ಸ್ ಬಂದ ದಿನ ನಾನು ಎರಡು ಪಾಲು, 230 ಕ್ಯಾಲೊರಿ ಎಂದು ಬರೆದುಕೊಳ್ಳುತ್ತಿದ್ದೆ. ಆದರೆ ಚೀಟಿಯ ಔನ್ಸ್ ಗಾತ್ರದ್ದು, ಅಂದರೆ 29.57 ಮಿಲಿಲೀಟರ್, ತಕ್ಕಡಿಯ ಔನ್ಸ್ ತೂಕದ್ದು, ಅಂದರೆ 28.35 ಗ್ರಾಂ. ನೀರನ್ನು ಅಳೆಯುವಾಗ ಇವೆರಡೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಯೋಗರ್ಟ್ ಹಾಗಲ್ಲ. ಯಂತ್ರವು ಅದನ್ನು ಹೆಪ್ಪುಗಟ್ಟಿಸುತ್ತಲೇ ಗಾಳಿಯನ್ನೂ ಸೇರಿಸಿ ಕಡೆಯುತ್ತದೆ. ಹೀಗೆ ಗಾಳಿಯಿಂದ ಉಬ್ಬುವ ಗಾತ್ರವನ್ನು ಆ ಉದ್ಯಮದವರು ಓವರ್‌ರನ್ ಎಂದು ಕರೆಯುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಂತೆ ಸಾಫ್ಟ್ ಸರ್ವ್, ಅಂದರೆ ಹೀಗೆ ಯಂತ್ರದಿಂದ ಮೆತ್ತಗೆ ಇಳಿಯುವ, ವೆನಿಲಾ ಯೋಗರ್ಟ್ ಅರ್ಧ ಕಪ್, ಅಂದರೆ 4 ದ್ರವ ಔನ್ಸ್, ತೂಗುವುದು ಕೇವಲ 72 ಗ್ರಾಂ. ತಕ್ಕಡಿಯ ಭಾಷೆಯಲ್ಲಿ ಅದು ಎರಡೂವರೆ ಔನ್ಸ್. ನಾನು ತಿಂದಿದ್ದ 8 ಔನ್ಸ್ ಎಂದರೆ 227 ಗ್ರಾಂ, ಎಂದರೆ ಮೂರು ಪಾಲಿಗೂ ಮಿಗಿಲು, ಸುಮಾರು 360 ಕ್ಯಾಲೊರಿ. ಪ್ರತಿ ಸಲವೂ ಪುಸ್ತಕದಲ್ಲಿ 130 ಕ್ಯಾಲೊರಿ ಕಡಿಮೆ ಬೀಳುತ್ತಿತ್ತು.

ಆಗ ಊರಿನಿಂದ ಬಂದಿದ್ದ ಅಮ್ಮನಿಗೆ ಇದನ್ನು ವಿವರಿಸಲು ಹೊರಟರೆ ಅವರು ಅರ್ಧಕ್ಕೇ ತಡೆದರು. "ಒಂದ್ ಸೇರು ಕಡ್ಲೆಪುರೀನೂ ಒಂದ್ ಸೇರು ಅಕ್ಕೀನೂ ತೂಕಕ್ಕಿಟ್ರೆ ಒಂದೇ ಬರುತ್ತೇನೋ?" ಎಂದರು. ಜಾತ್ರೆಯಲ್ಲಿ ಸೇರಿನಲ್ಲಿ ಅಳೆಸಿ ಪುರಿ ಕೊಂಡವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಹೀಗೆ ಲೆಕ್ಕ ಮಾಡಿಕೊಂಡು ತಿಂದರೆ ಮೈಗೆ ಹತ್ತುವುದಿಲ್ಲ ಎಂಬ ಮಾತನ್ನೂ ಸೇರಿಸಿದರು. ಹತ್ತಬಾರದೆಂದೇ ಇಷ್ಟೆಲ್ಲ ಲೆಕ್ಕ ಎಂದು ನಾನು ನಕ್ಕೆ.

ಅಂದಿನಿಂದ ನಾನು ಕಪ್ಪಿನ ಗಾತ್ರವನ್ನು ನಂಬುವುದನ್ನು ಬಿಟ್ಟಿದ್ದೇನೆ. ಸುರುಳಿ ಸುತ್ತಿಕೊಂಡು ಇಳಿಯುವ ಯೋಗರ್ಟು ನಡುವೆ ಪೊಳ್ಳು ಬಿಡುತ್ತದೆ. ಮೇಲಿನಿಂದ ನೋಡಿದರೆ ತುಂಬಿದಂತೆ ಕಾಣುವ ಕಪ್ಪನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಒಂದು ಬೆರಳಿನಷ್ಟು ಕೆಳಗಿಳಿಯುತ್ತದೆ. ಗಾಳಿ ಎಷ್ಟೇ ಇರಲಿ, ತೂಕದಲ್ಲಿ ಅದರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ವೆನಿಲಾಕ್ಕೆ ಗ್ರಾಂ ಒಂದಕ್ಕೆ 1.6 ಕ್ಯಾಲೊರಿ ಎಂದು ಗುಣಿಸಿಕೊಳ್ಳುವುದೇ ನನ್ನ ಪದ್ಧತಿಯಾಗಿದೆ. ಸಕ್ಕರೆ ಸೇರಿಸಿಲ್ಲ ಎಂಬ ಫಲಕವಿರುವ ಯಂತ್ರಕ್ಕೆ ಬೇರೆ ಅಂಕಿ ಬೇಕು, ಆದರೆ ಅದು ಸೊನ್ನೆಯಂತೂ ಅಲ್ಲ. ಹಾಲಿನ ಸಕ್ಕರೆ ಅದರಲ್ಲೂ ಇರುತ್ತದೆ.

ನಿಜವಾದ ತೊಡಕಿರುವುದು ಮೇಲೆ ಉದುರಿಸಿಕೊಳ್ಳುವ ಟಾಪಿಂಗ್‌ಗಳಲ್ಲಿ. ಹಣ ಎಣಿಸುವ ತಕ್ಕಡಿಗೆ ಸ್ಟ್ರಾಬೆರಿಯೂ ಒಂದೇ, ಶೇಂಗಾವೂ ಒಂದೇ. ಆದರೆ ಒಂದು ಔನ್ಸ್ ಸ್ಟ್ರಾಬೆರಿಯಲ್ಲಿ ಸುಮಾರು 9 ಕ್ಯಾಲೊರಿ ಇದ್ದರೆ, ಒಂದು ಔನ್ಸ್ ಶೇಂಗಾದಲ್ಲಿ 160. ರಸೀದಿಯ ಒಟ್ಟು ತೂಕವನ್ನು ಮಾತ್ರ ಹಿಡಿದುಕೊಂಡರೆ ಇವೆರಡೂ ಕಾಣದಂತೆ ಬೆರೆತುಹೋಗುತ್ತವೆ. ಹಾಗಾಗಿ ಯೋಗರ್ಟ್ ಇಳಿಸಿಕೊಂಡ ಕೂಡಲೇ ಗಲ್ಲಾಕ್ಕೆ ಹೋಗಿ ಒಮ್ಮೆ ತೂಗಿಸಿ, ಟಾಪಿಂಗ್ ಹಾಕಿಕೊಂಡು ಮತ್ತೆ ತೂಗಿಸುತ್ತೇನೆ. ಕೌಂಟರಿನ ಹುಡುಗ ಮೊದಲ ದಿನ ವಿಚಿತ್ರವಾಗಿ ನೋಡಿದ, ಈಗ ಅವನೇ ಕೈ ಚಾಚುತ್ತಾನೆ. ಒಂದಕ್ಕಿಂತ ಹೆಚ್ಚು ಬಗೆ ಹಾಕಿಕೊಂಡರೆ ಈ ಉಪಾಯವೂ ಕೈಕೊಡುತ್ತದೆ, ಅದಕ್ಕೇ ಒಂದೇ ಬಗೆಗೆ ನಿಲ್ಲಿಸಿದ್ದೇನೆ.

20 ಅಥವಾ ಅದಕ್ಕಿಂತ ಹೆಚ್ಚು ಮಳಿಗೆಗಳಿರುವ ಸರಪಳಿ ಅಂಗಡಿಗಳು, ಗ್ರಾಹಕರು ತಾವೇ ಬಡಿಸಿಕೊಳ್ಳುವ ತಿನಿಸುಗಳ ಪಕ್ಕದಲ್ಲೂ ಕ್ಯಾಲೊರಿ ನಮೂದಿಸಬೇಕೆಂಬ ಒಕ್ಕೂಟ ಸರ್ಕಾರದ ನಿಯಮ ಇಲ್ಲಿ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ನಮ್ಮದು ಒಂಟಿ ಅಂಗಡಿ, ಆ ನಿಯಮದ ಹೊರಗಿನದು. ಚೀಟಿ ಅಂಟಿಸಿದ್ದೇ ಅವರ ಸೌಜನ್ಯ ಎನ್ನಬೇಕು, ಆದರೆ ಯಾವ ಔನ್ಸ್ ಎಂದು ಇನ್ನೊಂದು ಪದ ಬರೆದಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು.

ಕಳೆದ ವಾರ ಇನ್ನೊಂದು ಸೋರಿಕೆ ಕಣ್ಣಿಗೆ ಬಿತ್ತು. ರುಚಿ ನೋಡಲೆಂದು ಕೊಡುವ ಪುಟ್ಟ ಕಾಗದದ ಲೋಟಗಳು ತಕ್ಕಡಿಗೆ ಹೋಗುವುದೇ ಇಲ್ಲ. ಅಂತಹ ಮೂರು ಲೋಟಗಳಲ್ಲಿ ನಾನು ಇಳಿಸಿಕೊಂಡಿದ್ದನ್ನು ಜೇಬಿನ ಸಣ್ಣ ತಕ್ಕಡಿಯಲ್ಲಿ ತೂಗಿದಾಗ 40 ಗ್ರಾಂ ಬಂತು. ಪುಸ್ತಕ ತೆರೆದು, ಕಪ್ಪಿನ ಲೆಕ್ಕಕ್ಕೂ ಮೊದಲು, 64 ಎಂದು ಬರೆದೆ.