ಹದಿನೆಂಟು ಯಾಕೆ ಕೊಟ್ಟೆ?

ಕಳೆದ ಅಕ್ಟೋಬರ್‌ನಲ್ಲಿ ಸಮೀಕ್ಷೆಗೆ ಅಂತ ಮನೆಮನೆ ಸುತ್ತುತ್ತಿದ್ದಾಗ ಸುದ್ದಿ ಬಂತು. ಯಾರದೋ ಜಗಲಿ ಮೇಲೆ ಕೂತು, ಆ್ಯಪ್ ತೆರೆದುಕೊಳ್ಳಲಿ ಅಂತ ಕಾಯುತ್ತಿದ್ದೆ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು: ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು ಶೇ. 35 ಬೇಡ, 33 ಸಾಕು. 625ಕ್ಕೆ 206. ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30, ಆಂತರಿಕ ಅಂಕವೂ (ಶಾಲೆಯಲ್ಲೇ ಮೇಷ್ಟ್ರು ಕೊಡೋ ಅಂಕ) ಸೇರಿ. ಈ ವರ್ಷದಿಂದಲೇ.

ಎಲ್ಲರೂ 35, 33 ಅಂತಲೇ ಜಗಳವಾಡಿದರು. ನಾನೂ ಅಷ್ಟೇ. 'ಆಂತರಿಕ ಅಂಕವೂ ಸೇರಿ' ಅನ್ನೋದು ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನ ಗಣಿತ ಮೇಷ್ಟ್ರು. ಇಷ್ಟು ದಿನ ನಮ್ಮ ಲೆಕ್ಕ ಒಂದೇ: ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 28. ಆಂತರಿಕದಲ್ಲಿ 20ಕ್ಕೆ 20 ಇದ್ದರೂ, ಪರೀಕ್ಷೆಯಲ್ಲಿ 27 ಬಂದರೆ ಫೇಲು. ಅದಕ್ಕೇ 'ಪಾಸಿಂಗ್ ಪ್ಯಾಕೇಜ್' ಅಂತ ಮಾಡಿಕೊಂಡಿದ್ದೆವು. ಸ್ಪರ್ಶಕ ಎಳೆಯೋದು, ಗ್ರಾಫ್, ಒಂದೆರಡು ಪ್ರಮೇಯ. ಹಿಂದುಳಿದ ಮಕ್ಕಳಿಗೆ ಜನವರಿಯಿಂದ ಬರೀ ಇದೇ. 2024ರಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಯ ಮೇಲೆ ನೇರ ಕ್ಯಾಮೆರಾ ಕಣ್ಣು, ಬಂದಾಗಂತೂ ಎದೆ ನಡುಗಿತ್ತು. ಶೇ. 20 ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿದ ವರ್ಷ ಅದು. ಹಾಗಾಗಿ ಕಣ್ಣೆಲ್ಲ ಆ 28ರ ಮೇಲೆ.

ಆಂತರಿಕ ಅಂಕ? ವರ್ಷದಲ್ಲಿ ನಾಲ್ಕು ಎಫ್‌ಎ (ಕಿರುಪರೀಕ್ಷೆ, ಚಟುವಟಿಕೆ ಸೇರಿದ ಶಾಲಾ ಮೌಲ್ಯಮಾಪನ) ಮಾಡಿ, 20ಕ್ಕೆ ಇಳಿಸಿ, ಆನ್‌ಲೈನ್‌ನಲ್ಲಿ ತುಂಬಬೇಕು. ನಿಜ ಹೇಳ್ತೀನಿ, ಕೊನೆ ದಿನದ ಸಂಜೆ ಕೂತು ಬರೆದಿದ್ದೇ ಜಾಸ್ತಿ. ಚೆನ್ನಾಗಿ ಓದೋರಿಗೆ 20, ಉಳಿದವರಿಗೆ 19, ಪ್ರಾಜೆಕ್ಟ್ ಕೊಡದವರಿಗೆ 17, 18. ಆ ಕಾಲಂನಿಂದ ಒಂದು ಮಗುವೂ ಪಾಸಾಗ್ತಿರಲಿಲ್ಲ, ಫೇಲೂ ಆಗ್ತಿರಲಿಲ್ಲ. ಒಟ್ಟು ಮೊತ್ತಕ್ಕೆ ಸೇರುತ್ತಿತ್ತು, ಅಷ್ಟೇ.

ದೀಪಾವಳಿ ಕಳೆದ ಮೇಲೆ ಸುಮ್ನೆ ಕುತೂಹಲಕ್ಕೆ 2025ರ ಅಂಕಪಟ್ಟಿ ತೆಗೆದು ಹೊಸ ಲೆಕ್ಕ ಹಾಕಿ ನೋಡಿದೆ. ಮೊದಲ ಅವಕಾಶವಾದ ಪರೀಕ್ಷೆ-1ರಲ್ಲಿ ಗಣಿತದಲ್ಲಿ ಬಿದ್ದಿದ್ದವರು ಎಂಟು ಜನ. ಒಬ್ಬ ಹುಡುಗ ಲಿಖಿತದಲ್ಲಿ 19, ಆಂತರಿಕ 19, ಒಟ್ಟು 38. ಈಗಾಗಿದ್ದರೆ ಗಣಿತ ಆರಾಮಾಗಿ ದಾಟುತ್ತಿದ್ದ. ಹೀಗೆ ಏಳು ಜನ ದಾಟಿದರು. ಎಂಟನೆಯವಳು ಲಿಖಿತದಲ್ಲಿ 11, ಆಂತರಿಕ 18. ಒಟ್ಟು 29.

ಒಂದು ಅಂಕ.

ಪೆನ್ನು ಕೆಳಗಿಟ್ಟೆ. ಈ ಹುಡುಗಿಗೆ 18 ಯಾಕೆ ಕೊಟ್ಟೆ? ನೆನಪಿಲ್ಲ. ಎಫ್‌ಎ ಉತ್ತರ ಪತ್ರಿಕೆ ಹುಡುಕಿದೆ, ಎರಡು ಸಿಕ್ಕವು, ಎರಡು ಇಲ್ಲ. ಚಟುವಟಿಕೆಯ ದಾಖಲೆ ಏನೂ ಇಲ್ಲ. 18 ಜಾಸ್ತಿಯಾಯಿತೋ ಕಮ್ಮಿಯಾಯಿತೋ, ಅದೂ ಹೇಳಲಾಗದು. ಅವಳ ಅದೃಷ್ಟ, ಆಗಿನ ನಿಯಮದಲ್ಲಿ ನನ್ನ ಅಂಕಕ್ಕೆ ಬೆಲೆ ಇರಲಿಲ್ಲ. ಪರೀಕ್ಷೆ-2ರಲ್ಲಿ ಪಾಸಾದಳು ಕೂಡ.

ಸ್ಟಾಫ್ ರೂಮಿನಲ್ಲಿ ಹೇಳಿದೆ. 'ಅದಕ್ಕೇನ್ ಸಾರ್, ಎಲ್ಲರಿಗೂ 20 ಹಾಕಿಬಿಡಿ, ಪಾಪ' ಅಂದರು ಒಬ್ಬರು. ಹಾಕಬಹುದು. ಹಾಕಿದರೆ 80ಕ್ಕೆ 10 ಸಾಕು. ನಮ್ಮ ಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆಗಳೇ 16 ಇವೆ, ಅದರಲ್ಲಿ ಎಂಟು ಬಹು ಆಯ್ಕೆ. ಆಮೇಲೆ ಗಣಿತ ಕಲಿಸೋದು ಯಾಕೆ, ಅಲ್ವಾ? 33 ಮಾಡಿದ್ದಕ್ಕೆ ನನ್ನ ತಕರಾರಿಲ್ಲ, ಸಿಬಿಎಸ್‌ಇಯಲ್ಲೂ ಅಷ್ಟೇ ಇದೆ. ಆದರೆ ಪಾಸು ಫೇಲಿನ ಅರ್ಧ ಭಾರ ಮೌಲ್ಯಮಾಪನ ಕೇಂದ್ರದಿಂದ ನನ್ನ ಮೇಜಿಗೆ ಬಂದಿದೆ ಅನ್ನೋದು ನನಗೆ ಅರ್ಥವಾಗಲು ಆ 29 ಬೇಕಾಯಿತು.

ಈ ವರ್ಷ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಪ್ರತಿ ಮಗುವಿಗೆ ಎರಡು ಪುಟ. ಯಾವ ಚಟುವಟಿಕೆಗೆ ಎಷ್ಟು, ಯಾಕೆ ಅಷ್ಟು, ಪಕ್ಕದಲ್ಲಿ ಮಗುವಿನ ಸಹಿ. ಪ್ಯಾಕೇಜನ್ನೂ ಬಿಟ್ಟಿಲ್ಲ ಅನ್ನಿ. ಬರೆಯೋ ಕೆಲಸ ಮೂರು ಪಟ್ಟಾಗಿದೆ, ಮನೆಯಲ್ಲಿ ಬೈಸಿಕೊಂಡಿದ್ದೂ ಆಗಿದೆ.

ಮೂರನೇ ಎಫ್‌ಎ ಆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಂದ. 'ಸಾರ್, ನಂಗ್ಯಾಕೆ ಚಟುವಟಿಕೆಲಿ 15ಕ್ಕೆ ಎಂಟು?' ಪುಟ ತೆಗೆದು ತೋರಿಸಿದೆ. ತ್ರಿಭುಜದ ಮಾದರಿ ಮಾಡಿದ್ದ, ಅಳತೆ ಬರೆದಿರಲಿಲ್ಲ. ಓದಿದ. 'ನಾಳೆ ಅಳತೆ ಬರ್ಕೊಂಡ್ ಬಂದ್ರೆ?' ಅಂದ.

ಬಾ ಅಂದೆ.