ಎರಡನೆಯ ಸ್ಥಾನದ ಆಚೆ

ಶಾಲೆಯಲ್ಲಿ ಭಾಗಾಕಾರದ ಲೆಕ್ಕಗಳ ಪಕ್ಕದಲ್ಲಿ ಒಂದು ಸೂಚನೆ ಇರುತ್ತಿತ್ತು: ಎರಡು ದಶಮಾಂಶ ಸ್ಥಾನಗಳವರೆಗೆ ಮಾತ್ರ. ಲೆಕ್ಕವೆಂದರೆ ಹೊಟ್ಟೆ ತೊಳಸುತ್ತಿದ್ದ ನನಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ. 1ನ್ನು 7ರಿಂದ ಭಾಗಿಸಿದರೆ 0.14. ಪೆನ್ಸಿಲ್ ಕೆಳಗಿಟ್ಟರಾಯಿತು. ಅದರಾಚೆ ಇಣುಕಿದ್ದು ನಲವತ್ತು ದಾಟಿದ ಮೇಲೆ, ಫೋನಿನಲ್ಲಿ ಯಾರೋ ‘ಸ್ವಲ್ಪ ಕಾಯಿರಿ’ ಎಂದು ಸಂಗೀತ ಹಚ್ಚಿ ಮಾಯವಾಗಿದ್ದಾಗ. ಮುಂದೆ ಒಂದು ಹಳೆಯ ಲಕೋಟೆ ಬಿದ್ದಿತ್ತು.

0.142857, ಮತ್ತೆ 142857. ಅಂಕಿಗಳು ಮರುಕಳಿಸುತ್ತವೆ ಎಂದು ಕೇಳಿದ್ದೆ, ಏಕೆಂದು ಯೋಚಿಸಿರಲಿಲ್ಲ. ಅಂದು ಉತ್ತರವನ್ನು ಬಿಟ್ಟು ಶೇಷಗಳನ್ನು ನೋಡಿದೆ: 1, 3, 2, 6, 4, 5, ಮತ್ತೆ 1. ಏಳರಿಂದ ಭಾಗಿಸಿದಾಗ ಉಳಿಯಲು ಸಾಧ್ಯವಿರುವುದೇ ಆರು ಸಂಖ್ಯೆಗಳು, ಸೊನ್ನೆಯನ್ನು ಬಿಟ್ಟರೆ. ಏಳನೆಯ ಹೆಜ್ಜೆಗೆ ಹಳೆಯ ಮುಖವೊಂದು ಬರದೆ ಗತಿಯಿಲ್ಲ. ಬಂದ ಮೇಲೆ ಹಳೆಯ ದಾರಿಯೇ. ಅಷ್ಟು ಸರಳ! ಆ ಕಡೆಯವರು ಮರಳಿ ಬಂದು ‘ಹಲೋ’ ಎಂದಾಗ ನನಗೇ ಬೇಸರವಾಯಿತು.

ಅಂದಿನಿಂದ ಇದೊಂದು ಚಟ. 13 ನನ್ನನ್ನು ಕೊಂಚ ನಿರಾಸೆಗೊಳಿಸಿತು, ಆರೇ ಅಂಕಿಗೆ ಮುಗಿಯಿತು: 076923. ಆದರೆ ಮೊದಲ ಸುತ್ತಿನಲ್ಲಿ ಕಾಣದ ಶೇಷಗಳೂ ಆರು. ಅವು 2, 7, 5, 11, 6, 8 ಎಂದು ತಮ್ಮದೇ ಸುತ್ತು ಕಟ್ಟಿಕೊಂಡಿದ್ದವು. 2ನ್ನು 13ರಿಂದ ಭಾಗಿಸಿದರೆ ಆ ಸುತ್ತು ಸಿಗುತ್ತದೆ.

17ರಲ್ಲಿ ನಾನು ಎಡವಿದೆ. ಹದಿನಾಲ್ಕು ಅಂಕಿಗಳಾದ ಮೇಲೆ ಶೇಷ 1 ಬಂತು, ಸುತ್ತು ಮುಚ್ಚಿತು, ಅಡಿಗೆರೆ ಎಳೆದೆ. ಕಾಣದೇ ಉಳಿದ ಶೇಷಗಳು ಎರಡು: 11 ಮತ್ತು 8. ಇವೆರಡೇ ಪುಟ್ಟ ಸುತ್ತು ಕಟ್ಟಿಕೊಂಡಿರಬೇಕೆಂದು 11ರಿಂದ ಹೊರಟೆ. 110ಕ್ಕೆ 6 ಸಲ, ಶೇಷ 8. ಸರಿ. 80ಕ್ಕೆ 4 ಸಲ, ಶೇಷ 12. ಆದರೆ 12 ಮೊದಲ ಸುತ್ತಿನಲ್ಲಿ 13ರ ಬೆನ್ನಿಗೆ ಆಗಲೇ ಕೂತಿದೆ! 80 ಮತ್ತು 130 ಎರಡೂ ಒಂದೇ ಶೇಷ ಉಳಿಸಬೇಕಾದರೆ ಅವುಗಳ ಅಂತರ 50, 17ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗುವುದಿಲ್ಲ. ಹಾಗಾದರೆ ಎಲ್ಲೋ ಸುಳ್ಳಿದೆ. ಹಿಂದಕ್ಕೆ ಹೋಗಿ ನೋಡಿದರೆ, 130ರಲ್ಲಿ 119 ಕಳೆದು 12 ಎಂದು ಬರೆದುಕೊಂಡಿದ್ದೆ. ಹನ್ನೊಂದರ ಜಾಗದಲ್ಲಿ ಹನ್ನೆರಡು. ಕಳೆಯುವ ಲೆಕ್ಕ, ಈ ವಯಸ್ಸಿನಲ್ಲಿ.

ಶಾಲೆಯಲ್ಲಾಗಿದ್ದರೆ ಆ ಜಾಗಕ್ಕೆ ಕೆಂಪು ಗೀಟು ಬೀಳುತ್ತಿತ್ತು, ಅಷ್ಟೇ. ಇಲ್ಲಿ ತಪ್ಪನ್ನು ಹಿಡಿದುಕೊಟ್ಟದ್ದು ಸಂಖ್ಯೆಗಳೇ. ಪತ್ತೇದಾರನಂತೆ ಬೀಗಿದೆ, ಕಳ್ಳನೂ ನಾನೇ ಎಂಬುದನ್ನು ಮರೆತು. ಇಂಗ್ಲೆಂಡಿನ ವಿಲಿಯಂ ಶ್ಯಾಂಕ್ಸ್ ಕೂಡ ಇಂಥ ಆವರ್ತಗಳನ್ನು ಎಣಿಸುವುದರಲ್ಲಿ ಮುಳುಗಿದ್ದವನು. ಅವನು 1873ರಲ್ಲಿ ಪ್ರಕಟಿಸಿದ ಪೈನ 707 ಸ್ಥಾನಗಳು 528ನೆಯದರಿಂದ ತಪ್ಪಾಗಿದ್ದವು. ಅದು ಗೊತ್ತಾದದ್ದು 1940ರ ದಶಕದಲ್ಲಿ. ನನ್ನದು ಹತ್ತು ನಿಮಿಷದಲ್ಲಿ ಸಿಕ್ಕಿತು.

ತಿದ್ದಿದ ಮೇಲೆ ಹದಿನಾರೂ ಅಂಕಿಗಳು ಬಂದವು: 0588235294117647. ಸರಿಯಾಗಿ ನಡುವೆ, ಎಂಟನೆಯ ಹೆಜ್ಜೆಗೆ, ಶೇಷ 16 ಇತ್ತು. ಅಲ್ಲಿಂದಾಚೆಯ ಒಂದೊಂದು ಅಂಕಿಯೂ ಮೊದಲರ್ಧದ ಜೊತೆಗಾರನೊಡನೆ ಸೇರಿ 9 ಆಗುತ್ತದೆ: 0ಗೆ 9, 5ಕ್ಕೆ 4, 8ಕ್ಕೆ 1. ಶೇಷಗಳು ಜೋಡಿಜೋಡಿಯಾಗಿ 17. ಇದನ್ನು ಯಾರೂ ನನಗೆ ಹೇಳಿರಲಿಲ್ಲ; ನೂರಾರು ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದ ವಿಷಯ ಎಂದು ಆಮೇಲೆ ತಿಳಿದರೂ ನನ್ನ ಹಿಗ್ಗು ಕುಗ್ಗಲಿಲ್ಲ.

7, 17, 19ರಂತೆ ಎಲ್ಲ ಶೇಷಗಳನ್ನೂ ಒಂದೇ ಸುತ್ತಿನಲ್ಲಿ ಮುಟ್ಟುವ ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆಯೇ? ಗಣಿತಜ್ಞ ಎಮಿಲ್ ಆರ್ಟಿನ್ 1927ರಲ್ಲಿ ಮಾಡಿದ ಊಹೆಯ ಪ್ರಕಾರ ಹೌದು. ಸಾಧಿಸಿದವರು ಇನ್ನೂ ಇಲ್ಲ.

ಈಗ ಲಕೋಟೆಯ ಮೇಲೆ 19 ಇದೆ. ಒಂಬತ್ತನೆಯ ಹೆಜ್ಜೆಗೆ ಶೇಷ 18 ಬಂದಿದೆ, ಅಂದರೆ ಉಳಿದರ್ಧವನ್ನು ಭಾಗಿಸದೆಯೇ ಬರೆದುಬಿಡಬಹುದು. ಆದರೂ ಸೊನ್ನೆ ಇಳಿಸಿಕೊಂಡು ಭಾಗಿಸುತ್ತಿದ್ದೇನೆ.