ಕಟ್ಟಿ ಇಲ್ಲದ ಊರಾಗ ಗೆಳತ್ಯಾರು

ನಮ್ಮ ಮನಿಯವರ ಆಫೀಸಿನವರೊಬ್ರು, ಹಾವೇರಿ ಕಡೆಯವರು, ಮುಂದಿನ ವರ್ಷ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಕೆನಡಾಕ್ಕ ಹೊಂಟಾರ. ಟೊರೊಂಟೊ ಗಿರೊಂಟೊ ಅಲ್ಲ, ಮ್ಯಾನಿಟೋಬಾದ ಒಂದು ಹಳ್ಳಿಗೆ, ಸುತ್ತೆಲ್ಲಾ ಹೊಲ. ಮಗಗ ಹದಿನಾಲ್ಕು ವರ್ಷ, ಅವಂದ ದೊಡ್ಡ ಚಿಂತಿ ಆಗೇದ. "ನಿಮ್ಮ ಅಕ್ಕನ ಮಗಳು ನ್ಯೂಜಿಲೆಂಡ್ ಹಳ್ಳ್ಯಾಗ ಹೆಂಗ ಸೆಟ್ ಆದ್ಲು, ಫ್ರೆಂಡ್ಸ್ ಹೆಂಗ ಸಿಕ್ಕ್ರು ಸ್ವಲ್ಪ ಹೇಳ್ರಿ" ಅಂದ್ರು. ವಾಟ್ಸ್ಯಾಪ್‌ನ್ಯಾಗ ಟೈಪ್ ಮಾಡಾಕ ಕುಂತೆ, ಮುಗೀವಲ್ದು, ಅದಕ್ಕ ಇಲ್ಲೇ ಬರದು ಹಾಕಾಕತ್ತೇನಿ, ಬ್ಯಾರೆಯವರಿಗೂ ಉಪಯೋಗ ಆದೀತು.

ನಮ್ಮ ಭಾವ ಇಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಓದಿದವರು. ನ್ಯೂಜಿಲೆಂಡಿನ ದಕ್ಷಿಣ ತುದಿ ಸೌತ್‌ಲ್ಯಾಂಡ್ ಅಂತ ಐತಲ್ಲ, ಅಲ್ಲೆ ಒಂದು ಡೇರಿ ಫಾರ್ಮ್‌ನ್ಯಾಗ ಕೆಲಸ ಸಿಕ್ತು. ಪ್ಯಾಟಿ ಅಂದ್ರ ಇನ್ವರ್‌ಕಾರ್ಗಿಲ್, ಅದೂ ಕಾರ್ ತಗೊಂಡ ಹೋಗಬೇಕು. ಬಾಜೂ ಮನಿ ಅಂದ್ರ ದೂರದಾಗ ಒಂದು ಗೇಟ್ ಕಾಣತೈತಿ, ಅಷ್ಟ. ಇವರು ಹೋಗಿದ್ದು ಜೂನ್‌ನ್ಯಾಗ, ಅಲ್ಲೆ ಅದು ಛಳಿಗಾಲ, ಸಂಜಿ ಐದಕ್ಕ ಕತ್ತಲಾ, ಮ್ಯಾಲ ಜಿಟಿಜಿಟಿ ಮಳಿ.

ಈ ಹುಡುಗಿ ಧಾರವಾಡದ ಮಾಳಮಡ್ಡಿಯಾಗ ಬೆಳೆದಾಕಿ. ಸಾಲಿ ಬಿಟ್ಟ ಮ್ಯಾಲ ಗೆಳತಿ ಮನಿ ಕಟ್ಟಿ ಮ್ಯಾಲ ಕುಂತ್ರ ಮುಗೀತು, ದೀಪಾ ಹಚ್ಚೂ ಹೊತ್ತಿಗೆ ಅವ್ವ ಬಂದು ಒದರಿದ್ರನ ಏಳೂದು. ಸಪ್ತಾಪುರದಾಗ ಟ್ಯೂಷನ್, ಬರೂ ಮುಂದ ಗಿರಮಿಟ್ಟು, ರವಿವಾರ ಕೆಲಗೇರಿ ಕೆರಿ ಕಡೆ ಒಂದು ರೌಂಡು. ಅಂದ್ರ ಏನೂ ಮಾಡಲಾರದನ ಗೆಳೆತನ ಆಗತೈತಿ ನಮ್ಮಲ್ಲೆ, ಯಾರೂ ಯಾರನ್ನೂ ಕರಿಯೂದಿಲ್ಲ, ಟೈಮ್ ಫಿಕ್ಸ್ ಮಾಡೂದಿಲ್ಲ, ಸುಮ್ನ ಕುಂತಿದ್ರ ಮಂದಿ ಬಂದು ಕೂಡತಾರ. ಅಲ್ಲೆ ಕಟ್ಟೀನ ಇಲ್ಲ. ಕ್ಲಾಸಿನ ಹುಡುಗ್ಯಾರೆಲ್ಲಾ ಐದು ವರ್ಷದವರಿದ್ದಾಗಿಂದ ಒಬ್ಬರಿಗೊಬ್ರು ಗೊತ್ತು, ಅವರ ಅವ್ವಂದಿರೂ ಒಂದ ಸಾಲ್ಯಾಗ ಓದಿರತಾರ. ಯಾರೂ ಕೆಟ್ಟದಾಗಿ ನಡಕೊಳ್ಳಲಿಲ್ಲ, ಅದನ್ನ ಮೊದಲ ಹೇಳತೇನಿ. ನಕ್ಕು ಹಾಯ್ ಅಂತಿದ್ರು, ಆಮ್ಯಾಲ ತಮ್ಮ ಪಾಡಿಗೆ ಹೋಗತಿದ್ರು. ನಮ್ಮ ಹುಡುಗಿಗೆ ಇದ ಭಾಳ ಹತ್ತಿತು, ಜಗಳಾನರ ಮಾಡಿದ್ರ ಒಂದು ಸಂಬಂಧ ಇರತಿತ್ತು ಮೌಶಿ ಅಂತ ಹೇಳಿದ್ಲು ಒಮ್ಮೆ ಫೋನ್‌ನ್ಯಾಗ.

ಒಂದು ಚಲೋದು ಏನಂದ್ರ, ಅಲ್ಲಿ ಡೇರಿ ವರ್ಷ ಶುರು ಆಗೂದು ಜೂನ್ 1ಕ್ಕ. ಆ ದಿನದ ಆಜೂಬಾಜೂ ದೇಶದ ತುಂಬ ಡೇರಿ ಕೆಲಸದವರು ಒಂದು ಫಾರ್ಮ್ ಬಿಟ್ಟು ಇನ್ನೊಂದಕ್ಕ ಹೊಕ್ಕಾರ, ಸಾಮಾನು, ನಾಯಿ, ಮಕ್ಕಳು, ಕೆಲವರು ಆಕಳಾ ಸಹಿತ. ಅಲ್ಲಿ ಸಾಲಿ ವರ್ಷ ಜನವರಿ ಕೊನಿ, ಫೆಬ್ರವರಿ ಸುಮಾರಿಗೆ ಶುರು ಆಗೂದರಿಂದ ಇವರು ಹೋದಾಗ ಅರ್ಧಾ ವರ್ಷ ಮುಗಿಯಾಕ ಬಂದಿತ್ತು, ಅಕ್ಕ ಅದಕ್ಕ ಹೆದರಿದ್ಲು. ಆದ್ರ ಜೂನ್‌ನ್ಯಾಗ ಹೊಸಾ ಮಕ್ಕಳು ಬರೂದು ಆ ಸಾಲಿಗೆ ಹೊಸಾದಲ್ಲ. ಅದ ವಾರ ಇನ್ನೊಬ್ಬ ಹುಡುಗಿ ಬ್ಯಾರೆ ಜಿಲ್ಲಾದಿಂದ ಬಂದಿದ್ಲು, ಪಕ್ಕಾ ಅಲ್ಲೀ ಮಂದೀನ, ಆಕೀಗೂ ಯಾರೂ ಗೊತ್ತಿರಲಿಲ್ಲ. ಮೊದಲನೇ ಗೆಳತಿ ಆಕೀನ ಆದ್ಲು. ನೀವೂ ಹೋದ ಮ್ಯಾಲ ಸಾಲ್ಯಾಗ ಕೇಳ್ರಿ, ಈ ವರ್ಷ ಹೊಸದಾಗಿ ಬಂದವರು ಯಾರ ಅದಾರ ಅಂತ. ಹಳೇ ಗುಂಪಿನ ಬಾಗಲಾ ಬಡಿಯೂದಕ್ಕಿಂತ ಅದು ಹಗೂರ.

ಫೋನಿನ ಸಮಸ್ಯೆ ಮಾತ್ರ ಹಗೂರ ಇರಲಿಲ್ಲ. ಅಲ್ಲೀ ಛಳಿಗಾಲದಾಗ ಅವರು ನಮಗಿಂತ ಆರೂವರಿ ತಾಸು ಮುಂದ, ಬ್ಯಾಸಗ್ಯಾಗ ಏಳೂವರಿ. ಇಲ್ಲೀ ಗೆಳತ್ಯಾರು ಟ್ಯೂಷನ್ ಮುಗಿಸಿ ಊಟಾ ಮಾಡಿ ಆನ್‌ಲೈನ್ ಬರೂದು ರಾತ್ರಿ ಎಂಟೂವರಿಗೆ, ಅಂದ್ರ ಅಲ್ಲೆ ನಡುರಾತ್ರಿ ದಾಟಿ ಮೂರು. ಹುಡುಗಿ ಅಲಾರ್ಮ್ ಇಟ್ಟು ಎದ್ದು ಚಾಟ್ ಮಾಡತಿತ್ತು, ಮುಂಜಾನೆ ಬಸ್‌ನ್ಯಾಗ ತೂಕಡಿಸತಿತ್ತು, ಬಾಜೂ ಕುಂತಾಕಿ ಜೋಡಿ ಏನ ಮಾತಾಡೀತು? ಅಕ್ಕ ಫೋನ್ ಕಸಗೊಳ್ಳಾಕ ರೆಡಿ ಆಗಿದ್ಲು. ನಾನು ಬ್ಯಾಡ ಅಂದೆ, ಇದ್ದ ಗೆಳತ್ಯಾರನ್ನ ಕಸಗೊಂಡ್ರ ಹೊಸಬರು ಬರತಾರ ಅನ್ನೂದು ಯಾವ ಲೆಕ್ಕ. ನಾನ ಇಲ್ಲೆ ಆ ಹುಡುಗ್ಯಾರ ಅವ್ವಂದಿರಿಗೆ ಫೋನ್ ಮಾಡಿ ರವಿವಾರ ಮುಂಜಾನೆ ಒಂಬತ್ತಕ್ಕ ವಿಡಿಯೋ ಕಾಲ್ ಫಿಕ್ಸ್ ಮಾಡಿಸಿದೆ, ಅಲ್ಲೆ ಆಗ ಮಧ್ಯಾಹ್ನ ಮೂರೂವರಿ. ಉಳಿದ ದಿನ ವಾಯ್ಸ್ ಮೆಸೇಜ್ ಹಾಕ್ರಿ, ಎದ್ದ ಮ್ಯಾಲ ಕೇಳತಾಳ ಅಂತ ಆ ಹುಡುಗ್ಯಾರಿಗೆ ಹೇಳಿದೆ. ರಾತ್ರಿ ನಿದ್ದಿ ಸುಧಾರಿಸಿತು. ಸಾಲ್ಯಾಗಂತೂ ಫೋನ್ ಮುಟ್ಟಂಗಿಲ್ಲ, 2024ರಿಂದ ಅಲ್ಲೀ ಸರ್ಕಾರ ಸಾಲಿ ಟೈಮಿನ್ಯಾಗ ಮೊಬೈಲ್ ಬಂದ್ ಮಾಡೇದ. ಊಟದ ಹೊತ್ತಿನ್ಯಾಗ ಯಾರೂ ಸ್ಕ್ರೀನ್ ಒಳಗ ಮುಖಾ ಹುದಗಿಸಿ ಕೂಡೂದಿಲ್ಲ, ಹೊಸಬರಿಗೆ ಇದು ಕಷ್ಟಾನೂ ಹೌದು, ಅನುಕೂಲಾನೂ ಹೌದು.

ಖರೇ ಗೆಳೆತನ ಶುರು ಆಗಿದ್ದು ನೆಟ್‌ಬಾಲ್‌ನಿಂದ, ಬಾಸ್ಕೆಟ್‌ಬಾಲ್ ಹಂಗ ರಿಂಗಿನ್ಯಾಗ ಬಾಲ್ ಹಾಕೂ ಆಟಾ. ಛಳಿಗಾಲದಾಗ ಅಲ್ಲಿ ಹುಡುಗ್ಯಾರು ಆಡೂದು ಅದನ್ನ, ಶನಿವಾರಕ್ಕೊಮ್ಮೆ ಮ್ಯಾಚು. ಒಂದು ಟೀಮಿಗೆ ಏಳು ಮಂದಿ ಬೇಕು, ಸಣ್ಣ ಸಾಲಿ, ಒಬ್ಬಾಕಿಗೆ ಮೊಣಕಾಲ ನೋವಾಗಿ ಮಂದಿ ಕಡಿಮಿ ಬಿದ್ದಿದ್ರು. ನಮ್ಮಾಕಿ ಇಲ್ಲೆ ಥ್ರೋಬಾಲ್ ಆಡಿದಾಕಿ. ನೆಟ್‌ಬಾಲ್‌ನ್ಯಾಗ ಬಾಲ್ ಹಿಡದು ಓಡಂಗಿಲ್ಲ, ಪುಟಿಸ್ಕೋತ ಹೋಗಂಗಿಲ್ಲ, ಮೂರು ಸೆಕೆಂಡಿನೊಳಗ ಒಗೀಬೇಕು, ಥ್ರೋಬಾಲ್ ಆಡಿದವರಿಗೆ ಆ ಮೂರು ಸೆಕೆಂಡು ಕೈಯಾಗ ಕುಂತಿರತೈತಿ. ಮೊದಲ ವಾರ ನಿಯಮ ತಪ್ಪಿಸಿ ಸೀಟಿ ಊದಿಸ್ಕೊಂಡ್ಲು, ಆದ್ರ ಕ್ಯಾಚು ಬಿಡಲಿಲ್ಲ. ಇಂಗ್ಲಿಷ್ ಮೀಡಿಯಂ ಓದಿದ್ರೂ ಅವರ ಮಾತು ಅರ್ಧಾ ತಿಳೀತಿರಲಿಲ್ಲ ಆಕಿಗೆ, ಅಂಗಳದಾಗ ಅದರ ಗರಜೂ ಬೀಳಲಿಲ್ಲ, "ಹಿಯರ್ ಹಿಯರ್" ಅಂತ ಒದರಿದವರಿಗೆ ಒಗದ್ರ ಆತು. ಹದಿಹರೆಯದ ಮಕ್ಕಳನ್ನ ಎದುರಾಬದುರಾ ಕೂಡಿಸಿ ಮಾತಾಡ್ರಿ ಅಂದ್ರ ಸಾಯತಾರ. ಬಾಜೂಕ ನಿಂತು ಒಂದ ಕೆಲಸ ಮಾಡಿಸ್ರಿ, ಮಾತು ತಾನ ಬರತೈತಿ. ಅದಕ್ಕ ಮಗಗ "ಹೋಗು, ಫ್ರೆಂಡ್ಸ್ ಮಾಡ್ಕೋ" ಅಂತ ದಿನಾ ಹೇಳಬ್ಯಾಡ್ರಿ, ಯಾವ ಟೀಮಿನ್ಯಾಗ ಮಂದಿ ಕಡಿಮಿ ಅದಾರ ನೋಡ್ರಿ.

ಈಗ ತಂದಿತಾಯಿ ಮಾಡಬೇಕಾದ ಕೆಲಸ ಹೇಳತೇನಿ, ಅದು ಬರೇ ಡ್ರೈವಿಂಗ್! ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಾಲಿ 4.8 ಕಿಲೋಮೀಟರ್‌ಗಿಂತ ದೂರ ಇದ್ರ ಸರ್ಕಾರದ ಸಾಲಿ ಬಸ್ ಸಿಗತೈತಿ, ಚಲೋನ. ಆದ್ರ ಬಸ್ ಬೆಲ್ ಹೊಡದ ಕೂಡ್ಲೆ ಹೊಂಟಬಿಡತೈತಿ, ಪ್ರ್ಯಾಕ್ಟೀಸ್ ಇರೂದು ಅದರ ಮ್ಯಾಲ. ಇದೇನ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸನ, ಒಂದು ಹೋತು ಅಂದ್ರ ಹಿಂದ ಇನ್ನೊಂದು ಬರತೈತಿ ಅನ್ನಾಕ. ಜೂನ್ ಜುಲೈದಾಗ ಆಕಳಾ ಹಾಲು ಕೊಡೂದು ಬಿಟ್ಟಿರತಾವ, ಹಿಂಡೂ ಕೆಲಸ ಇರಲಿಲ್ಲ, ಭಾವನ ಹೋಗಿ ಕರ್ಕೊಂಡ ಬರತಿದ್ರು. ಆಗಸ್ಟ್‌ನ್ಯಾಗ ಕರು ಹಾಕಾಕ ಶುರು ಆದ್ವು ನೋಡ್ರಿ, ಪ್ರ್ಯಾಕ್ಟೀಸ್ ಬಿಡೂದೂ ಸಂಜಿ ಹಾಲು ಹಿಂಡೂದೂ ಒಂದ ಟೈಮು. ಹುಡುಗಿ ಆಟಾ ಬಿಡತೇನಿ ಅಂದ್ಲು. ಆಗ ಅಕ್ಕ, ಧಾರವಾಡದಾಗ ಸ್ಕೂಟಿ ಬಿಟ್ರ ಏನೂ ಮುಟ್ಟಲಾರದಾಕಿ, ಧೈರ್ಯಾ ಮಾಡಿ ಕಾರ್ ಕಲತ್ಲು. ಅಲ್ಲೂ ನಮ್ಮಂಗ ಎಡಕ್ಕ ಓಡಿಸೂದು, ಅದೊಂದು ಪುಣ್ಯಾ. ಇನ್ನೊಬ್ಬ ಹುಡುಗಿ ಅವ್ವನ ಜೋಡಿ ಪಾಳಿ ಹಚ್ಕೊಂಡ್ಲು, ಒಂದು ಸಲ ನೀ, ಒಂದು ಸಲ ನಾ. ಹಿಂದಿನ ಸೀಟಿನ್ಯಾಗ ಮೂರು ಹುಡುಗ್ಯಾರು ಬೆವತು ಕುಂತು ಏನೇನೋ ಕಿಸಿಕಿಸಿ ನಗತಾರ, ಅಕ್ಕ ಕೇಳಿಸಿಕೊಳ್ಳಲಾರದಂಗ ಗಾಡಿ ಹೊಡಿತಾಳ. ನನ್ನ ಕೇಳಿದ್ರ ಕಟ್ಟಿ ಅಂದ್ರ ಈಗ ಅದ.

ಪಂಚಮಿ ಟೈಮಿಗೆ ಆ ಗೆಳತ್ಯಾರು ಅಕ್ಕನ ಮನಿಗೆ ಬಂದಿದ್ರು, ಕರುಗೋಳಿಗೆ ಹಾಲು ಕುಡಿಸಾಕ ಅಂತ ನೆಪ. ಭಾವ ಶೆಡ್ಡಿನ ತೊಲಿಗೆ ಹಗ್ಗಾ ಕಟ್ಟಿ ಜೋಕಾಲಿ ಹಾಕಿಕೊಟ್ರು. ಶೇಂಗಾ ಉಂಡಿ ಮಾತ್ರ ಮೊದಲ ಅವರ ಅವ್ವಂದಿರಿಗೆ ಕೇಳಿ ಕೊಡ್ರಿ, ಅಲ್ಲೆ ಶೇಂಗಾ ಅಲರ್ಜಿ ಇದ್ದ ಮಕ್ಕಳು ಇರತಾರ, ಸಾಲಿಗೂ ಕಳಸೂ ಮುಂದ ಕೇಳ್ರಿ. ಎಳ್ಳುಂಡಿಗೂ ಕೇಳೂದ ಚಲೋ.

ನಮ್ಮ ಅಪ್ಪನ ಪ್ರಶ್ನೆ ಬ್ಯಾರೆ, "ಅಲ್ಲೆ ಕನ್ನಡದವರು ಯಾರೂ ಇಲ್ಲೇನು?" ಅದಾರ, ಪ್ಯಾಟ್ಯಾಗ ಸಿಗತಾರ, ಹಬ್ಬಕ್ಕ ಕೂಡತಾರ, ಅಕ್ಕಗ ಅದು ಬೇಕ ಬೇಕು. ಆದ್ರ ದೊಡ್ಡವರ ದೋಸ್ತಿ ಮಕ್ಕಳ ದೋಸ್ತಿ ಆಗಬೇಕಂತೇನಿಲ್ಲ. ನಾವು ಹೋಳಿಗಿ ತಿನ್ಕೋತ ಹರಟಿ ಹೊಡಿಯೂ ಮುಂದ ಹುಡುಗರು ಮೂಲ್ಯಾಗ ಚಾರ್ಜರ್ ಹುಡುಕ್ಕೋತ ಕುಂತಿರತಾವ.

ಒಂದು ಸೀರಿಯಸ್ ಮಾತು. ಒಂಟಿತನ ಬ್ಯಾರೆ, ಯಾರರ ಕಾಡೂದು ಬ್ಯಾರೆ. ಊಟಾ ಬಿಟ್ರ, ಸಾಲಿ ಇದ್ದ ದಿನಾನ ಹೊಟ್ಟಿನೋವು ಬಂದ್ರ, ವಾರಗಟ್ಟಲೆ ರೂಮ್ ಬಿಟ್ಟು ಹೊರಗ ಬರದಿದ್ರ ಕಾಯಬ್ಯಾಡ್ರಿ, ಸಾಲಿ ಕೌನ್ಸೆಲರ್ ಹಂತೇಕ ಹೋಗ್ರಿ. ಮಂದಿ ಏನಂತಾರ ಅನ್ನೂದನ್ನ ಇಲ್ಲೇ ಬಿಟ್ಟು ಹೋಗ್ರಿ. ನ್ಯೂಜಿಲೆಂಡ್‌ನ್ಯಾಗ ಮನಸ್ಸಿಗೆ ತ್ರಾಸ ಆದಾಗ ಕೌನ್ಸೆಲರ್ ಜೋಡಿ ಮಾತಾಡಾಕ 1737 ಅಂತ ನಂಬರ್ ಐತಿ, ಫೋನು, ಮೆಸೇಜು ಎರಡೂ ಫ್ರೀ, ಹುಡುಗಿ ಫೋನ್‌ನ್ಯಾಗ ಸೇವ್ ಮಾಡಿಸಿಟ್ಟೇನಿ.

ಇನ್ನ ನಿಮ್ಮ ಮ್ಯಾನಿಟೋಬಾ. ಅಲ್ಲೆ 4-ಎಚ್ ಅಂತ ಹಳ್ಳಿ ಮಕ್ಕಳ ಕ್ಲಬ್ ಇರತಾವ, ಕೆನಡಾದಾಗ ಅದು ಶುರು ಆಗಿದ್ದ 1913ರಾಗ ಮ್ಯಾನಿಟೋಬಾದ ರೋಲಂಡ್ ಅನ್ನೂ ಊರಾಗ. ದನಾ ಸಾಕೂದು, ಅಡಿಗಿ, ಭಾಷಣಾ, ಎಲ್ಲಾ ಇರತೈತಿ, ವಿಚಾರ್ಸ್ರಿ. ಕರ್ಲಿಂಗ್ ಅಂತ ಮಂಜಿನ ಮ್ಯಾಲ ಕಲ್ಲ ಜಾರಿಸೂ ಆಟಾ ಐತಿ, ನಾಲ್ಕ ಮಂದಿ ಇದ್ರ ಒಂದು ಟೀಮು. ಸಾಲ್ಯಾಗ ವಾಲಿಬಾಲ್ ಇದ್ರಂತೂ ಹಾವೇರಿ ಹುಡುಗಗ ಯಾರೂ ಕಲಸೂದು ಬ್ಯಾಡ. ಆದ್ರ ನೀವು ಮೊದಲ ಇಲ್ಲೆ ಕಾರ್ ಕಲೀರಿ, ಇಬ್ಬರೂ. ಅಲ್ಲೆ ಬಲಕ್ಕ ಓಡಿಸಬೇಕು.

ನಮ್ಮಾಕಿಗೆ ಈಗ ಹದಿನೈದು. ನ್ಯೂಜಿಲೆಂಡ್‌ನ್ಯಾಗ ಹದಿನಾರಕ್ಕ ಲರ್ನರ್ ಲೈಸೆನ್ಸ್ ಸಿಗತೈತಿ ಅಂತ ಕುಣ್ಯಾಕತ್ತಾಳ, ಬಾಜೂಕ ಹಳೇ ಲೈಸೆನ್ಸ್ ಇದ್ದವರು ಕುಂತಿರಬೇಕು ಅಂತ ನಾ ನೆನಪ ಮಾಡಿದೆ. "ಅಮ್ಮ ಕೂಡತಾಳ ಬಿಡು, ರೂಢಿ ಆಗೇದ" ಅಂದ್ಲು.